ಅಯ್ಯನವರ ‘ಬರ್ತೇನೆ’ ಪುಸ್ತಕ

ಇವತ್ತು ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಪಪ್ಪಾ, ನಾನು ಹೋಗ್ತೇನೆ” ಎಂದಳು. ಅಡುಗೆಮನೆಯಿಂದ ಹೆಂಡತಿ, “ಹಾಗೆ ಹೇಳ್ಬಾರ್ದು ಅಂತ ಎಷ್ಟು ಸಲ ಹೇಳುವುದು? ಬರ್ತೇನೆ ಅನ್ನು!” ಎಂದು ಕೂಗಿದಳು. “ಅರೇ, ಜಾ ರಹೀ ಹೂಂ ನಾ? ಹೋಗ್ಲಿಕ್ಕೆ ಬರ್ತೇನೆ ಯಾಕೆ?” ಎಂದು ಮಗಳು ಲಿಫ್ಟಿನ ಗುಂಡಿ ಒತ್ತಿದಳು. ಗೋರೆಗಾಂವ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ಹಿಂದಿಯ ಹೆಗಲ ಮೇಲೆ ಕೈಯಿಟ್ಟುಕೊಂಡೇ ನಡೆಯುವುದು. ಬೈಯೋಣವೆಂದರೆ ನನಗೆ ಆ ಯೋಗ್ಯತೆಯಿಲ್ಲ. ಇದೇ ತಪ್ಪನ್ನು ಒಮ್ಮೆ ಒಬ್ಬ ಪಾದ್ರಿಯವರಿಗೆ ಕೈಹಿಡಿದು ಕಲಿಸಿದವನು ನಾನು. ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮದು ಮುಂಬಯಿಯ ಒಂದು ಸಣ್ಣ ಕನ್ನಡ ಕ್ರೈಸ್ತ ಸಭೆ. ಸ್ವಂತ ದೇವಾಲಯವಿಲ್ಲ. ಭಾನುವಾರ ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಬೆಂಚುಗಳಲ್ಲಿ ನಾವು ಕೂರುತ್ತೇವೆ. ಬೆಂಚು ಬೆಚ್ಚಗಿರುತ್ತದೆ, ಅದೊಂದು ಸುಖ. ಪಾದ್ರಿಯವರನ್ನು ನಾವು ಅಯ್ಯನವರು ಎನ್ನುವುದು ವಾಡಿಕೆ. ಆಗಿದ್ದ ಅಯ್ಯನವರು ಉಡುಪಿ ಕಡೆಯವರು. ದಪ್ಪ ಕನ್ನಡಕ, ಹೆಗಲಲ್ಲೊಂದು ಬಟ್ಟೆಯ ಚೀಲ, ಮುಖದಲ್ಲಿ ಸದಾ ಏನನ್ನೋ ಮರೆತು ಬಂದವರ ಕಳೆ. ನಿಜಕ್ಕೂ ಮರೆತೇ ಬಂದಿರುತ್ತಿದ್ದರು.

ಯಾರ ಮನೆಗೆ ಯಾವಾಗ ಹೋಗಬೇಕೆಂಬುದನ್ನು ಚೀಟಿಗಳಲ್ಲಿ ಬರೆದು ಬೈಬಲಿನೊಳಗೆ ಸಿಕ್ಕಿಸುವುದು ಅವರ ಪದ್ಧತಿ. ಒಂದು ಭಾನುವಾರ ವೇದಪಾಠ ಓದುತ್ತ ಪುಟ ಮಗುಚಿದವರು ಅದೇ ಗಂಭೀರ ದನಿಯಲ್ಲಿ, “ಬೋರಿವಲಿ, ಮೂರು ಗಂಟೆ, ಕಣ್ಣಿನ ಆಪರೇಷನ್” ಎಂದು ಓದಿಬಿಟ್ಟರು. ಹಿಂದಿನ ಸಾಲಿನವರು ಆಮೆನ್ ಎಂದರು. ನಗುವುದಕ್ಕೆ ಚೆನ್ನಾಗಿತ್ತು, ಆದರೆ ಒಂದೇ ಸಂಜೆ ಎರಡು ಮನೆಯವರು ಅಡುಗೆ ಮಾಡಿಟ್ಟುಕೊಂಡು ಕಾದು ಕೂತಾಗ ಸಮಿತಿಯವರಿಗೆ ನಗು ಬರಲಿಲ್ಲ. ಈಸ್ಟರಿನೊಳಗೆ ಅಯ್ಯನವರು ಸರಿಹೋಗದಿದ್ದರೆ ಬೇರೆಯವರನ್ನು ಕಳಿಸಿ ಎಂದು ಬಿಷಪ್ಪರಿಗೆ ಪತ್ರ ಹಾಕುವುದೆಂದು ತೀರ್ಮಾನವಾಯಿತು. ಬರೆಯಬೇಕಾದವನು ಕಾರ್ಯದರ್ಶಿ, ಅಂದರೆ ನಾನು.

ನನಗೆ ಬರೆಯಲು ಮನಸ್ಸಿಲ್ಲ. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ದಿನವೂ ಬಂದು, ಪ್ರಾರ್ಥನೆಗಿಂತ ಮೊದಲು ಕ್ರಿಕೆಟ್ ಸ್ಕೋರು ಓದಿ ಹೇಳಿದವರು ಅವರು. ಹೇಗಾದರೂ ಉಳಿಸಿಕೊಳ್ಳಬೇಕೆಂದು ಹೊರಟೆ. ಪವಾಯಿಯ ಆಫೀಸಿನಲ್ಲಿ ಊರವರ ಕೆಲಸಕ್ಕೆಲ್ಲ ವೇಳಾಪಟ್ಟಿ ಹಾಕಿ ಸಂಬಳ ತೆಗೆದುಕೊಳ್ಳುವವನು ನಾನು. ಒಬ್ಬ ಪಾದ್ರಿ ಯಾವ ಲೆಕ್ಕ! ಅವರ ಫೋನಿನಲ್ಲಿ ಕ್ಯಾಲೆಂಡರ್ ಹಾಕಿಕೊಟ್ಟೆ. ರೋಗಿಗಳಿಗೆ ಕೆಂಪು, ಭಾನುವಾರದ ಪ್ರಸಂಗದ ತಯಾರಿಗೆ ನೀಲಿ. “ಬಾಯಿಂದ ಕೊಟ್ಟ ಮಾತನ್ನೆಲ್ಲ ಇದಕ್ಕೆ ಹಾಕಿ ಅಯ್ಯನವರೇ, ಒಂದೂ ಬಿಡಬೇಡಿ” ಎಂದು ತಾಕೀತು ಮಾಡಿದೆ.

ವಾರ ಕಳೆದು ನೋಡುತ್ತೇನೆ, ಫೋನು ತುಂಬಿ ತುಳುಕುತ್ತಿದೆ. ಸಭೆಯವರಿರಲಿ, ಇಡ್ಲಿ ಹೋಟೆಲಿನ ಶೆಟ್ಟರ ಹೆಸರೂ ಇದೆ, ಕಣ್ಣಿನ ಡಾಕ್ಟರ ಕಾಂಪೌಂಡರೂ ಇದ್ದಾನೆ.

“ಇದೆಂತದು?”

“ಹೊರಡುವಾಗ ಬರ್ತೇನೆ ಅಂದೆನಲ್ಲ. ಮಾತು ಕೊಟ್ಟ ಹಾಗೇ ಅಲ್ವಾ?”

“ಅಯ್ಯೋ ದೇವರೇ! ಅದು ಮಾತು ಕೊಡುವುದಲ್ಲ ಅಯ್ಯನವರೇ, ಹೊರಡುವುದು.”

“ಹೊರಡುವವರಿಗೆ ಹಾಗೆ, ಸೆಕ್ರೆಟರಿಯವರೇ. ಬಾಗಿಲಲ್ಲಿ ನಿಂತವರಿಗೆ ಹಾಗಲ್ಲ.”

ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. “ಹಾಗಾದ್ರೆ ಬರ್ತೇನೆ ಅನ್ನಲೇಬೇಡಿ. ಹೋಗ್ತೇನೆ ಅನ್ನಿ. ಲಿಸ್ಟು ಅರ್ಧ ಆಗ್ತದೆ” ಎಂದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿ, “ಆಗಲಿ” ಎಂದರು.

ಹಾಗೆ ಮೊದಲು ಹೇಳಿದ್ದು ಗ್ರಾಂಟ್ ರೋಡಿನ ಹಳೇ ವಠಾರದಂಥ ಚಾಳಿನಲ್ಲಿರುವ ಸುನಂದಾಬಾಯಿಯ ಮನೆಯಲ್ಲಿ. ನಮಗೆಲ್ಲ ಅವರು ಸುನಂದಾ ಆಂಟಿ. ನರ್ಸಾಗಿ ನಿವೃತ್ತರಾದವರು, ಒಬ್ಬರೇ ಇರುವುದು. ಆಗ ಸೊಂಟ ಮುರಿದುಕೊಂಡು ಮಲಗಿದ್ದರು. ನಾಲಿಗೆ ಮಾತ್ರ ಓಡಾಡುತ್ತಿತ್ತು. ಅಯ್ಯನವರು ಪ್ರಾರ್ಥನೆ ಮಾಡಿ, ಚಹಾ ಕುಡಿದು, ಬಾಗಿಲಲ್ಲಿ ತಿರುಗಿ ನಿಂತು ನನ್ನ ಪಾಠವನ್ನು ಒಪ್ಪಿಸಿದರು: “ಹೋಗ್ತೇನೆ.”

ಐದೇ ನಿಮಿಷದಲ್ಲಿ ನನಗೆ ಆಂಟಿಯ ಫೋನು. “ಅಯ್ಯನವರನ್ನು ಎಲ್ಲಿಗೆ ಓಡಿಸ್ತಾ ಇದ್ದೀರಿ? ಹಾಸಿಗೆ ಹಿಡಿದವಳ ಎದುರು ಹೋಗ್ತೇನೆ ಅನ್ನಬೇಕಾದ್ರೆ ಸುಮ್ಮನೆ ಅಲ್ಲ ಅದು.” “ಹಾಗೇನಿಲ್ಲ ಆಂಟಿ” ಎಂದು ತೊದಲಿದೆ, ಏಕೆಂದರೆ ಬಿಷಪ್ಪರಿಗೆ ಬರೆಯಬೇಕಿದ್ದ ಆ ಪತ್ರದ ಕರಡು ಆಗ ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. “ನಲವತ್ತು ವರ್ಷ ವಾರ್ಡಿನಲ್ಲಿ ತಿರುಗಿದವಳು ನಾನು. ಸುಳ್ಳು ಹೇಳುವವರ ಉಸಿರು ನನಗೆ ಗೊತ್ತಾಗ್ತದೆ ಮಾರಾಯ” ಎಂದು ಫೋನು ಕುಕ್ಕಿದರು. ಮಲಗಿದಲ್ಲಿಂದಲೇ ವಿರಾರದಿಂದ ಚರ್ಚ್‌ಗೇಟ್ ತನಕ ಎಲ್ಲರಿಗೂ ಸುದ್ದಿ ಮುಟ್ಟಿಸಿದರು. ಆ ಭಾನುವಾರ ಕ್ರಿಸ್‌ಮಸ್ಸಿಗೂ ಬಾರದವರು ಬಂದು ನಿಂತಿದ್ದರು. ಸಮಿತಿಯವರೆಲ್ಲ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದರು. ನಾನು ಮನೆಗೆ ಬಂದು ಕರಡನ್ನು ಅಳಿಸಿಹಾಕಿದೆ. ಆ ಪತ್ರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲೆ ಅಯ್ಯನವರು ಫೋನನ್ನು ಫೋನಿನ ಪಾಡಿಗೆ ಬಿಟ್ಟು ಒಂದು ಉದ್ದನೆಯ ನೋಟ್‌ಬುಕ್ ಕೊಂಡರು. ಒಂದೊಂದು ಸ್ಟೇಷನ್ನಿಗೆ ಒಂದೊಂದು ಪುಟ. “ತಾರೀಕು ನನಗೆ ನೆನಪಿರುವುದಿಲ್ಲ. ಇಳಿಯುವ ಸ್ಟೇಷನ್ ಮಾತ್ರ ಇವತ್ತಿನವರೆಗೆ ಮರೆತದ್ದಿಲ್ಲ” ಎಂದರು. ಎಲ್ಲಿ ಬರ್ತೇನೆ ಎಂದರೋ ಆ ಹೆಸರು ಆ ಪುಟಕ್ಕೆ. ಲೋಕಲ್ ರೈಲಿನಲ್ಲಿ ಎತ್ತ ಹೊರಟರೂ ಪುಸ್ತಕ ತೆರೆದು, ದಾರಿಯಲ್ಲಿ ಇಳಿದು, ಹೋಗಿ ಬಂದು ಹೆಸರು ಹೊಡೆದುಹಾಕುವುದು. ಹೊರಡುವಾಗ ಮತ್ತೆ ಬರ್ತೇನೆ ಎಂದಿರುತ್ತಾರಲ್ಲ, ಅದೇ ಹೆಸರನ್ನು ಕೆಳಗೆ ಮತ್ತೆ ಬರೆಯುವುದು. “ಹೀಗಾದ್ರೆ ಇದು ಮುಗಿಯುವುದೇ ಇಲ್ಲವಲ್ಲ!” ಎಂದು ನಾನು ರೇಗಿದೆ. “ಮುಗಿದ್ರೆ ನನಗೆ ಕೆಲಸ ಎಲ್ಲಿ ಉಂಟು?” ಎಂದು ನಕ್ಕರು. ತಡವಾಗಿ ಬರುವುದು ಕೊನೆಗೂ ಬಿಡಲಿಲ್ಲ. ಬಾರದೆ ಉಳಿದದ್ದಿಲ್ಲ.

ಹೋದ ವರ್ಷ ನಿವೃತ್ತರಾಗಿ ಊರಿಗೆ ಹೊರಟರು. ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಕಿಟಕಿಯಿಂದ ಪುಸ್ತಕವನ್ನು ನನ್ನ ಕೈಗಿಟ್ಟು, “ಕೆಲವು ಬಾಕಿ ಉಂಟು” ಎಂದರು. ಗಾಡಿ ಅಲುಗಿತು. ಈ ಸಲ ಯಾವ ಮಾತು ಹೇಳುತ್ತಾರೋ ಎಂದು ಕಿಟಕಿಯ ಜೊತೆಗೇ ನಡೆದೆ. “ಬರ್ತೇನೆ” ಎಂದರು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ವಡಾಪಾವ್ ಅಂಗಡಿಯ ಪಕ್ಕದಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತೆ.

ಅತ್ತು ಮುಗಿಸಿ ಪುಸ್ತಕವನ್ನು ಡ್ರಾಯರಿಗೆ ಹಾಕಿದವನು ಮತ್ತೆ ತೆಗೆಯಲಿಲ್ಲ. ಹೊಸ ಅಯ್ಯನವರು ಬಹಳ ಅಚ್ಚುಕಟ್ಟು, ಎಲ್ಲವೂ ಫೋನಿನಲ್ಲೇ, ಬಂದರೆ ಗಡಿಯಾರ ಸರಿಮಾಡಿಕೊಳ್ಳಬಹುದು. ನನ್ನಂಥವನು ಅವರ ಮೇಲೆ ದೂರು ಹೇಳಿದರೆ ಬಾಯಿಗೆ ಹುಳ ಬಿದ್ದೀತು.

ಇವತ್ತು ಶನಿವಾರ, ನನಗೆ ರಜೆ. ಮಗಳ ಲಿಫ್ಟು ಕೆಳಗಿಳಿದ ಮೇಲೆ ಡ್ರಾಯರ್ ಎಳೆದೆ. ಗ್ರಾಂಟ್ ರೋಡ್ ಪುಟದಲ್ಲಿ ಕೊನೆಯ ಹೆಸರಿಗೆ ಗೀಟು ಬಿದ್ದಿರಲಿಲ್ಲ: ಸುನಂದಾಬಾಯಿ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಸ್ಲೋ ಲೋಕಲ್ ಹಿಡಿದು ಹೋದೆ.

ಆಂಟಿ ವಾಕರ್ ಹಿಡಿದು ಬಂದು ಬಾಗಿಲು ತೆರೆದರು. “ನೀನಾ? ಅಯ್ಯನವರು ಬರ್ತೇನೆ ಅಂದಿದ್ರು.”

“ಅದಕ್ಕೇ ಬಂದೆ ಆಂಟಿ.”

“ಚಹಾ ನೀನೇ ಇಡಬೇಕು, ನನಗೆ ನಿಲ್ಲಲಿಕ್ಕಾಗುವುದಿಲ್ಲ” ಎಂದು ಒಳಗೆ ದಾರಿ ಬಿಟ್ಟರು. ನನಗೆ ಪ್ರಾರ್ಥನೆ ಮಾಡಿಸಲು ಬರುವುದಿಲ್ಲ. ಪೇಪರಿನಿಂದ ಕ್ರಿಕೆಟ್ ಸ್ಕೋರು ಓದಿ ಹೇಳಿದೆ. ಯಾವ ಆಟಗಾರನೂ ಸರಿಯಿಲ್ಲವೆಂದು ಆಂಟಿ ಎಲ್ಲರನ್ನೂ ಬೈದರು.

ಹೊರಡುವಾಗ ಬಾಗಿಲಲ್ಲಿ ನನಗೆ ತಿಳಿಯದೆಯೇ ಬಾಯಿಂದ ಬಂತು: “ಬರ್ತೇನೆ ಆಂಟಿ.”

“ಬರೇ ಬಾಯಲ್ಲಿ ಹೇಳಿದ್ರೆ ಆಗ್ಲಿಲ್ಲ,” ಎಂದರು, “ಬರ್ಕೊ.”

ಚಾಳಿನ ಮೆಟ್ಟಿಲ ಮೇಲೆ ಕೂತು ಅಯ್ಯನವರು ಬರೆದಿದ್ದ ಹೆಸರಿಗೆ ಗೀಟು ಹಾಕಿದೆ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಸುನಂದಾಬಾಯಿ ಎಂದು ಮತ್ತೆ ಬರೆದೆ.