ಎರಡು ಸಲ ಒತ್ತುವ ಹೆಬ್ಬೆರಳು

ಕಾಕಾ ಅವರ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಒಂದು ಸುತ್ತು ದಪ್ಪ. ತುದಿ ಸಟ್ಟುಗದ ಹಾಗೆ ಚಪ್ಪಟೆ, ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಹಸಿರುಗಪ್ಪು. ಮೂವತ್ತು ವರ್ಷ ಅವರು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸ್ವಿಚ್ಚುಗಳನ್ನು ಪರೀಕ್ಷಿಸಿದವರು. ಕಿಟಕಿ ಏರಿಸುವುದು, ಹಾರ್ನು, ವೈಪರು, ಎಲ್ಲವೂ ಆ ಹೆಬ್ಬೆರಳಿನ ಕೆಳಗೆ ಹಾದು ಬಂದಿದ್ದವು. ಒತ್ತಿ ನೋಡಲು ಯಂತ್ರವಿತ್ತು. ಆದರೆ ಯಂತ್ರ ಪಾಸು ಮಾಡಿದ್ದನ್ನೂ ತಾವೊಮ್ಮೆ ಒತ್ತಿ ನೋಡದೆ ಅವರು ಸಹಿ ಹಾಕುತ್ತಿರಲಿಲ್ಲವಂತೆ.

ನಿವೃತ್ತರಾದರೂ ಹೆಬ್ಬೆರಳು ನಿವೃತ್ತವಾಗಲಿಲ್ಲ. ಲಿಫ್ಟಿನ ಬಟನ್ನು, ರಸ್ತೆ ದಾಟುವ ಸಿಗ್ನಲ್ಲಿನ ಬಟನ್ನು, ನಮ್ಮ ಮನೆಯ ಕರೆಗಂಟೆ, ಯಾವುದನ್ನಾದರೂ ಎರಡು ಸಲ ಒತ್ತುತ್ತಿದ್ದರು. ನೊಯ್‌ಬಿಬರ್ಗ್ ಎಂಬ ಜರ್ಮನ್ ಊರಿನ ನಮ್ಮ ಕಟ್ಟಡದ ಲಿಫ್ಟಿನಲ್ಲೇ ನನಗೆ ಅವರ ಪರಿಚಯವಾದದ್ದು. ನಾನು ಫೋನಿನಲ್ಲಿ ಹೆಂಡತಿಗೆ ಕೊತ್ತಂಬರಿ ಸಿಗಲಿಲ್ಲ ಎನ್ನುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು ಬಟನ್ನನ್ನು ಎರಡು ಸಲ ಒತ್ತಿ, “ನಮ್ಮ ಬಾಲ್ಕನ್ಯಾಗ ಐತಿ, ಬಾ” ಅಂದರು. ಧಾರವಾಡದ ಕಡೆಯವರು, ನಮ್ಮ ಪಕ್ಕದ ಮನೆಯವರೇ. ಎರಡು ಬಾಲ್ಕನಿಗಳ ನಡುವೆ ಒಂದು ತೆಳು ಹಲಗೆ ಅಷ್ಟೆ. ಅಂದಿನಿಂದ ಮೈಸೂರಿನವನಾದ ನನಗೆ ಅವರು ಕಾಕಾ, ಅವರ ಹೆಂಡತಿ ಕಾಕು.

ಎರಡು ಸಲ ಒತ್ತುವುದೇಕೆ ಎಂದು ಕೇಳಿದ್ದೆ. ಅವರ ಉತ್ತರ ನನಗೆ ಬಾಯಿಪಾಠ: “ಸ್ವಿಚ್ಚು ಒಳಗ ಹೋಗೂದು ದೊಡ್ಡದಲ್ಲ ತಮ್ಮಾ, ಯಾರ ಒತ್ತಿದ್ರೂ ಹೋಗ್ತೈತಿ. ಹೊಳ್ಳಿ ಹೊರಗ ಬರೂದು ದೊಡ್ಡದು. ಎರಡನೇ ಸಲ ಒತ್ತೂದು ಅದನ್ನ ನೋಡಾಕ.”

ನಮ್ಮಿಬ್ಬರ ಸ್ನೇಹವನ್ನು ಗಟ್ಟಿ ಮಾಡಿದ್ದು ಮಾತ್ರ ಕೊತ್ತಂಬರಿಯಲ್ಲ, ಕೆಟ್ಟ ಚಟ. ಇಬ್ಬರೂ ಸಿಗರೇಟು ಬಿಟ್ಟು ವೇಪ್, ಅಂದರೆ ಬ್ಯಾಟರಿಯ ಸಿಗರೇಟು, ಹಿಡಿದವರು. ಅವರ ಕೈಯಲ್ಲಿ ಒಂದು ಹಿತ್ತಾಳೆಯ ಕೊಳವೆ ಇರುತ್ತಿತ್ತು. ಒಳಗೊಂದು ಬ್ಯಾಟರಿ, ಬುಡದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಬಟನ್ನು, ಅದು ತಾನಾಗಿ ಒತ್ತಿಕೊಳ್ಳದಂತೆ ತಿರುಗಿಸುವ ಒಂದು ಲಾಕ್, ಮುಗಿಯಿತು. ಒತ್ತಿದರೆ ಲೋಹಕ್ಕೆ ಲೋಹ ತಾಗಿ ಕರೆಂಟು ಹರಿದು ಒಳಗಿನ ದ್ರವ ಕಾದು ಹೊಗೆಯಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನನ್ನದು ಗಾಜಿನ ಮುಖದ, ದೀಪ ಮಿನುಗುವ, ಎಲೆಕ್ಟ್ರಾನಿಕ್ ಚಿಪ್ಪಿನ ಮಾತು ಕೇಳುವ ವೇಪ್. ನಾನು ಇಲ್ಲಿ ಮಾಡುವುದೇ ಆ ಕೆಲಸ: ಅಲುಗಾಡುವ ಭಾಗವೇ ಇಲ್ಲದೆ ಕರೆಂಟನ್ನು ಬಿಡುವ, ತಡೆಯುವ ಚಿಪ್ಪುಗಳ ಪರೀಕ್ಷೆ. ನಮ್ಮ ಚಿಪ್ಪು ಸವೆಯುವುದಿಲ್ಲ, ಬಟನ್ನು ಸಿಕ್ಕಿಕೊಂಡರೂ ಹತ್ತು ಸೆಕೆಂಡಿಗೆ ತಾನಾಗಿ ಕರೆಂಟು ಕಡಿಯುತ್ತದೆ ಎಂದು ನಾನು ಹಲಗೆಯ ಈಚೆಯಿಂದ ಕೊಚ್ಚಿಕೊಳ್ಳುತ್ತಿದ್ದೆ. ಅವರು ಆಚೆಯಿಂದ, ಚಿಪ್ಪು ಸವೆಯೂದಿಲ್ಲ, ಒಮ್ಮೆಲೇ ಸಾಯ್ತೈತಿ, ಸತ್ತದ್ದಕ್ಕ ರಿಪೇರಿ ಇಲ್ಲ ಎನ್ನುತ್ತಿದ್ದರು.

ಅವರದರ ರಿಪೇರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ದೇಶದಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಹಿಡಿಯುವಂತಿಲ್ಲ. ಸದ್ದಾದರೆ ಕೆಳಮನೆಯ ಅಜ್ಜಿ ಹೌಸ್‌ಓರ್ಡ್‌ನುಂಗ್ ಎಂಬ ಕಟ್ಟಡದ ನಿಯಮಪಟ್ಟಿ ಹಿಡಿದುಕೊಂಡು ಮೇಲೆ ಬರುತ್ತಾರೆ. ಕಾಕಾ ಸದ್ದಿಲ್ಲದ ಕೆಲಸ ಹುಡುಕಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಹಳೆಯ ಪಂಚೆಯ ತುಂಡು ಹಾಸಿ, ಕೊಳವೆ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಸ್ಪ್ರಿಂಗು, ತಿರುಪಿನ ಮರೆ, ಬಟನ್ನಿನ ಬೆಳ್ಳಿ ಲೇಪದ ಬಿಲ್ಲೆ ಎಲ್ಲವನ್ನೂ ಒರೆಸಿ ಜೋಡಿಸುವುದು. ಒಂದು ವಾರವೂ ತಪ್ಪಿಸಿದವರಲ್ಲ. ದೇವರ ಪಾತ್ರೆಗೂ ಇವರು ಇಷ್ಟು ಮಾಡೂದಿಲ್ಲ ಎಂದು ಕಾಕು ಗೊಣಗುತ್ತಿದ್ದರು.

ಆ ವರ್ಷ ನನ್ನ ಮಗಳಿಗೆ ಐದು. ಕಿಂಡರ್‌ಗಾರ್ಟನ್ನಿನಲ್ಲಿ ಮನೆಯವರ ಚಿತ್ರ ಬರೆಸಿದ್ದರು. ಅಮ್ಮನ ಕೈಯಲ್ಲಿ ಕುಕ್ಕರು, ಅಪ್ಪನ ಬಾಯಿಂದ ಒಂದು ದೊಡ್ಡ ನೀಲಿ ಮೋಡ. ಇದೇನು, ನಿಮ್ಮಪ್ಪ ರೈಲಾ ಎಂದು ಟೀಚರ್ ಕೇಳಿದರಂತೆ. ಅಲ್ಲ, ಅಪ್ಪ ಅಂದರೆ ಹೀಗೇ ಎಂದು ಇವಳು ಜರ್ಮನ್ನಿನಲ್ಲಿ ಹೇಳಿದಳಂತೆ. ಹೆಂಡತಿ ಆ ಚಿತ್ರವನ್ನು ಫ್ರಿಜ್ಜಿಗೆ, ನನ್ನ ಕಣ್ಣಿನ ಎತ್ತರಕ್ಕೇ ಅಂಟಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ಮುಂದಿನ ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರುವುದರೊಳಗೆ ಬಿಡುತ್ತೇನೆಂದು ಮಾತು ಕೊಟ್ಟೆ. ಕೊಟ್ಟು ಎರಡು ಸಲ ಮುರಿದೆ. ಬಟನ್ನು ಅಷ್ಟು ಮೃದು, ಬೆರಳು ತಾಗಿದರೆ ಸಾಕು, ಕೆಲಸದ ನಡುವೆ ಎಷ್ಟು ಸಲ ಒತ್ತಿದೆನೆಂದು ನನಗೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ರಜೆಯಿಲ್ಲದ ಊರು, ಆದ್ದರಿಂದ ಹತ್ತಿರದ ಭಾನುವಾರಕ್ಕೆ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಮೇಜಿನ ಮೇಲೆ ಲ್ಯಾಪ್‌ಟಾಪು, ಕಾರಿನ ಕೀ, ಬೆಸುಗೆ ಕಡ್ಡಿ, ಮಗಳ ಸ್ಕೂಟರು. ಕಾಕಾ ನಗುತ್ತಾ ತಮ್ಮ ಹಿತ್ತಾಳೆಯ ಕೊಳವೆಯನ್ನೂ ಇಟ್ಟರು. ಗಂಧ ಕುಂಕುಮ ಹಚ್ಚುವ ಕೆಲಸ ನನ್ನದು. ಯಾವ ವಸ್ತುವಿಗಾದರೂ ಮುಖ ನೋಡಿ ಹಚ್ಚಬೇಕಲ್ಲ, ಕೊಳವೆಗೆ ಮುಖವೆಂದರೆ ಬಟನ್ನೇ ಎಂದು ತೋರಿತು. ನೀರಾಗಿ ತೇಯ್ದ ಗಂಧ ಧಾರಾಳವಾಗಿ ಹಚ್ಚಿ, ಮೇಲೆ ಕುಂಕುಮ ಒತ್ತಿದೆ. ದಿನವಿಡೀ ಸ್ವಿಚ್ಚು ಪರೀಕ್ಷಿಸುವ ಎಂಜಿನಿಯರು ನಾನು! ಪೂಜೆಯ ಹೊತ್ತಿಗೆ ಬುದ್ಧಿಯನ್ನೂ ಮೇಜಿನ ಮೇಲೆ ಇಟ್ಟಿದ್ದೆನೋ ಏನೋ.

ಊಟಕ್ಕೆ ಮುಂಚೆ ಕಾಕಾ ಬಾಲ್ಕನಿಗೆ ಹೋಗಿ ಒಂದೆರಡು ಸಲ ಎಳೆದು, ಕೊಳವೆಯನ್ನು ಕಿಸೆಗೆ ಹಾಕಿಕೊಂಡು ಬಂದು ಕೂತರು. ಹೋಳಿಗೆಗೆ ತುಪ್ಪ ಬಿದ್ದಿತ್ತು. ಅವರು ಒಮ್ಮೆಲೇ ಎದ್ದು ನಿಂತರು. ಕಿಸೆಯಿಂದ ಹೊಗೆ. ಗಂಧ ಒಣಗಿ ಬಟನ್ನು ಒಳಗೇ ಕಚ್ಚಿಕೊಂಡು ಕರೆಂಟು ಹರಿಯುತ್ತಲೇ ಇತ್ತು, ಕಡಿಯಲು ಅದರಲ್ಲಿ ಚಿಪ್ಪಿಲ್ಲ. ಅವರು ಬಾಲ್ಕನಿಗೆ ಓಡಿ, ಟವೆಲಿನಲ್ಲಿ ಹಿಡಿದು, ತಿರುಪು ಬಿಚ್ಚಿ ಬ್ಯಾಟರಿಯನ್ನು ಹೂಕುಂಡದ ಮಣ್ಣಿಗೆ ಬೀಳಿಸಿದರು. ಎಲ್ಲ ಮುಗಿಯಲು ಅರ್ಧ ನಿಮಿಷವೂ ಆಗಲಿಲ್ಲ. ಪ್ಯಾಂಟಿನ ಮೇಲೆ ಅಂಗೈಯಗಲ ಕಂದು ಕಲೆ. ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಕಾಕು ಬಾಗಿಲು ಹಿಡಿದು ನಿಂತಿದ್ದರು, ಮುಖ ಬಿಳಚಿಕೊಂಡಿತ್ತು.

ನಾನು ಕಾಲಿಗೆ ಬೀಳುವುದೊಂದು ಬಾಕಿ. ಕಾಕಾ ನನ್ನ ಭುಜ ಹಿಡಿದು ಕೂರಿಸಿದರು. “ತಪ್ಪು ನಿಂದಲ್ಲ, ಸ್ವಿಚ್ಚಿಂದೂ ಅಲ್ಲ. ಲಾಕ್ ತಿರುವದ ಕಿಸೆದಾಗ ಇಟ್ಟಂವ ನಾ. ಹೋಳಿಗಿ ವಾಸನಿಗೆ ಮರತೆ.” ಆಮೇಲೆ ಕೂತು ಎರಡು ಹೋಳಿಗೆ ಹೆಚ್ಚಿಗೇ ತಿಂದರು.

ನನ್ನ ಚಿಪ್ಪಿನ ಗರ್ವ ಇಳಿಯಲು ಎರಡು ವಾರ ಹಿಡಿಯಿತು. ಮಾವಿನಹಣ್ಣಿನ ವಾಸನೆಯ ಅದರ ದ್ರವ ಸೋರಿ, ಬಟನ್ನಿನ ಸಂದಿಗಿಳಿದು, ಜೋನಿಬೆಲ್ಲದಂತೆ ಅಂಟಿ ಕೂತಿತು. ಚಿಪ್ಪು ಸತ್ಯವಂತ, ಕರೆಂಟು ಕಡಿದು ಕೆಂಪು ದೀಪ ಮಿಟುಕಿಸಿತು. ಮುಂದೇನು? ತಿರುಪಿಲ್ಲ, ಮುಚ್ಚಳವಿಲ್ಲ, ಎಲ್ಲ ಅಂಟು ಹಾಕಿ ಮುಚ್ಚಿದ್ದು. ಕಾಕಾ ತಿರುಗಿಸಿ ಮುರುಗಿಸಿ ನೋಡಿ, ಇದಕ್ಕ ಬಾಗ್ಲಾನ ಇಲ್ಲಲ್ಲೋ ಅಂದರು. ಅದು ಆ ವರ್ಷ ನಾನು ಹಳೇ ಎಲೆಕ್ಟ್ರಾನಿಕ್ಸ್ ಡಬ್ಬಕ್ಕೆ ಹಾಕಿದ ಮೂರನೆಯ ವೇಪ್.

ಹೊಸದು ಕೊಳ್ಳಲು ಹೊರಟವನನ್ನು ತಡೆದು, ಅವರು ತಮ್ಮ ಇನ್ನೊಂದು ಪುಟ್ಟ ಕೊಳವೆಯನ್ನು ತಂದು ನನ್ನ ಕೈಯಲ್ಲಿಟ್ಟರು. ಕಿಸೆಗೆ ಹಾಕುವ ಮುಂಚೆ ಲಾಕ್ ತಿರುವದಿದ್ರ ಕೈ ಮುರೀತೀನಿ ಎಂದು ಹೆದರಿಸಿದರು. ಭಾನುವಾರ ಭಾನುವಾರ ನಾನೇ ಬಿಚ್ಚಿ ಒರೆಸಬೇಕು, ಒರೆಸುವ ಮೊದಲು ಬಟನ್ನಿನ ಬಿಲ್ಲೆಯನ್ನು ಅವರಿಗೆ ತೋರಿಸಬೇಕು. “ಒತ್ತಿದಾಗೊಮ್ಮೆ ಒಂದು ಕಿಡಿ ಹಾರತೈತಿ, ಕಿಡಿ ಹಾರಿದಲ್ಲಿ ಒಂದು ಕರೀ ಚುಕ್ಕಿ ಬೀಳ್ತೈತಿ. ನಿನ್ನ ಚಿಪ್ಪು ಇದನ್ನೆಲ್ಲ ಮುಚ್ಚಿಡ್ತಿತ್ತು. ಇದು ಮುಚ್ಚಿಡೂದಿಲ್ಲ.”

ಮೊದಲ ಭಾನುವಾರ ಬಿಲ್ಲೆ ಹಂಚಿನ ತಳದಷ್ಟು ಕಪ್ಪಾಗಿತ್ತು. ನಾನು ನಾಚಿ ಬೆರಳಡ್ಡ ಹಿಡಿದೆ. ಅವರು ಬೈಯಲಿಲ್ಲ, ಹತ್ತಿ ಕೊಟ್ಟರು. ಎರಡನೆಯ ವಾರ ಅಷ್ಟೇ ಕಪ್ಪು. ಮೂರನೆಯ ವಾರದ ನಡುವೆ ಒತ್ತಲು ಹೋದಾಗಲೆಲ್ಲ ಭಾನುವಾರದ ಬಿಲ್ಲೆ ಕಣ್ಣ ಮುಂದೆ ಬರತೊಡಗಿತು. ಲಾಕ್ ಬಿಡಿಸುವಷ್ಟರಲ್ಲಿ ಎಷ್ಟೋ ಸಲ ಆಸೆಯೇ ತಣ್ಣಗಾಗುತ್ತಿತ್ತು. ಆ ಚಳಿಗಾಲವೆಲ್ಲ ಕೆಲಸದಿಂದ ಬಂದ ಮೇಲೆ ಹಲಗೆಯ ಈಚೆ ನಾನು, ಆಚೆ ಅವರು, ಇಬ್ಬರ ಕೈಯಲ್ಲೂ ಹಿತ್ತಾಳೆ, ಕೊರೆವ ಚಳಿಗೆ ಇಬ್ಬರ ಬಾಯಿಂದಲೂ ಹೊಗೆ. ನಿಮ್ಮ ಬಿಲ್ಲೆ ತೋರಿಸಿ ಎಂದರೆ, ನಂದು ಬೆಳಿಗ್ಗೆನ ಒರಿಸಿದ್ದಾತು ಎನ್ನುತ್ತಿದ್ದರು. ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಎಂಬುದು ನನಗೆ ದೊಡ್ಡ ಧೈರ್ಯವಾಗಿತ್ತು. ಮಾರ್ಚಿನ ಕೊನೆಯ ಭಾನುವಾರ ನನ್ನ ಬಿಲ್ಲೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಬಟನ್ನನ್ನು ಎರಡು ಸಲ ಒತ್ತಿ, “ಹೊರಗ ಬಂತು ನೋಡ್” ಅಂದರು. ತಾವೂ ಬಿಟ್ಟಿದ್ದಾಗಿ ಅದೇ ವಾರ ಹೇಳಿದರು. ಗುರುವನ್ನೂ ಬಿಡಿಸಿದ ಶಿಷ್ಯ ನಾನೆಂದು ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡೆ.

ಮಗಳು ಶಾಲೆಗೆ ಸೇರಿದ ದಿನ ಅವಳ ಶುಲ್‌ಟ್ಯೂಟೆಯ, ಇಲ್ಲಿ ಮೊದಲ ದಿನ ಮಕ್ಕಳ ಕೈಗೆ ಕೊಡುವ ಸಿಹಿ ತುಂಬಿದ ಕಾಗದದ ಶಂಕುವಿನ, ತುದಿಯಲ್ಲಿ, ಚಾಕಲೇಟುಗಳ ಕೆಳಗೆ, ಕಾಕಾ ಒಂದು ಪುಟ್ಟ ಟಾರ್ಚು ಇಟ್ಟಿದ್ದರು. ಅವಳು ಈಗಲೂ ಸಿಗ್ನಲ್ಲಿನಲ್ಲಿ ಬಟನ್ನನ್ನು ಎರಡು ಸಲ ಒತ್ತುತ್ತಾಳೆ.

ಕಳೆದ ವಸಂತದಲ್ಲಿ ಕಾಕಾ ನಿದ್ದೆಯಲ್ಲೇ ಹೋದರು. ಯಾರಿಗೂ ತೊಂದರೆ ಕೊಡಲಿಲ್ಲ, ಅದು ಅವರ ರೀತಿ. ತಿಂಗಳ ಮೇಲೆ ಕಾಕು ಕರೆದು ಹಿತ್ತಾಳೆಯ ಕೊಳವೆಯನ್ನು ನನಗೆ ಕೊಟ್ಟರು. ಅಭ್ಯಾಸಬಲದಿಂದ ಬಟನ್ನು ಒತ್ತಿದೆ. ಅದು ಕದಲಲಿಲ್ಲ. ಅವರ ಮೇಜಿನ ಮೇಲೆಯೇ ಬಿಚ್ಚಿದೆ. ಸ್ಪ್ರಿಂಗಿನ ಸುತ್ತೆಲ್ಲ ಗಂಧ ಗಟ್ಟಿಯಾಗಿ ಕೂತಿತ್ತು, ನಡುವೆ ನನ್ನ ಕೈಯ ಕುಂಕುಮ ಇನ್ನೂ ಕೆಂಪಗೆ. ಭಾನುವಾರ ತಪ್ಪಿಸದ ಮನುಷ್ಯ ಆ ದಿನದಿಂದ ಇದನ್ನು ಒಮ್ಮೆಯೂ ಒರೆಸಿರಲಿಲ್ಲ.

ಕಾಕು ನನ್ನ ಮುಖ ನೋಡಿ ನಕ್ಕರು. “ಹೋಳಿಗಿ ದಿನಾನ ನನ್ನ ಕೈ ಮ್ಯಾಲೆ ಕೈ ಇಟ್ಟು ಆಣಿ ಮಾಡಿ ಸೇದೂದು ಬಿಟ್ರು. ಒಳಗ ಬ್ಯಾಟರೀನ ಇರಲಿಲ್ಲಪಾ. ಚಳ್ಯಾಗ ಸುಮ್ನ ಅದನ್ನ ಹಿಡ್ಕೊಂಡು ನಿನ್ನ ಜೋಡಿ ನಿಂದರ್ತಿದ್ರು. ಹುಡುಗ ಒಬ್ಬನ ಬಿಡಾಕ ಹೋದ್ರ ಸೋಲ್ತಾನ ಅಂತಿದ್ರು.”

ಐದು ತಿಂಗಳು, ಆ ಚಳಿಯಲ್ಲಿ, ಬರೀ ಉಸಿರು ಬಿಡುತ್ತಾ. ನಾನು ಅಲ್ಲೇ ಕೂತು ಅತ್ತೆ. ಕಾಕು ಚಹಾ ಮಾಡಿಕೊಟ್ಟರು.

ಈ ಸಲದ ಆಯುಧಪೂಜೆಗೆ ಲ್ಯಾಪ್‌ಟಾಪಿನ ಪಕ್ಕ ಆ ಕೊಳವೆಯನ್ನೂ ಇಟ್ಟೆವು. ಕುಂಕುಮದ ಬಟ್ಟಲು ಹಿಡಿದ ಮಗಳು ಇದಕ್ಕೆ ಎಲ್ಲಿ ಹಚ್ಚಲಿ ಎಂದು ಕೇಳಿದಳು. ಬಟನ್ನಿನ ಮೇಲೇ ಹಚ್ಚು ಅಂದೆ.