ಮುಗಿದ ಕೈ

ಮಲವಗೊಪ್ಪದ ನಮ್ಮ ಶೆಡ್ಡಿನಲ್ಲಿ ತಗಡು ಅಚ್ಚೊತ್ತುವ ಪವರ್ ಪ್ರೆಸ್ಸಿಗೆ ದೇವರಿಗಿಂತ ಹೆಚ್ಚು ನಮಸ್ಕಾರ ಸಲ್ಲುತ್ತಿತ್ತು. ಭದ್ರಾವತಿಯಿಂದ ಬರುತ್ತಿದ್ದ ಮೇಸ್ತ್ರಿ, ಸುತ್ತ ನಿಂತವರೆಲ್ಲ ಕೈಮುಗಿಯುವ ತನಕ ಅದರ ಗುಂಡಿ ಒತ್ತುತ್ತಿರಲಿಲ್ಲ.

"ಇಷ್ಟೊಂದು ಭಕ್ತಿ ಯಾಕೆ ಮೇಸ್ತ್ರಿ?" ಎಂದು ಸ್ಟೋರು ನೋಡಿಕೊಳ್ಳುತ್ತಿದ್ದ ನಾನು ಒಮ್ಮೆ ಕೆಣಕಿದೆ.

"ಭಕ್ತಿ ಎಲ್ಲಿ ಬಂತು ಮಾರಾಯ್ರೆ? ಮುಗಿದ ಕೈ ಮಿಷನ್ ಒಳಗಿರಲ್ಲ. ಮೊದ್ಲು ಕೈಮುಗೀರಿ, ಆಮೇಲೆ ಗುಂಡಿ."

ಆ ವರ್ಷದ ಆಯುಧಪೂಜೆಗೆ ಪ್ರೆಸ್ಸು ಚೆಂಡುಹೂವು ಮುಡಿದು ಮದುವಣಗಿತ್ತಿಯಂತೆ ನಿಂತಿತ್ತು. ರೇಷ್ಮೆ ಶಲ್ಯದ ಸಾಹುಕಾರರು ತಮ್ಮ ಅಮೃತಹಸ್ತದಿಂದ ಅದನ್ನೊಮ್ಮೆ ಓಡಿಸಿ ಶುಭಾರಂಭ ಮಾಡುವುದು ವಾಡಿಕೆ. ಮಂಗಳಾರತಿಯಾಯಿತು. ಮೋಟಾರು ಆಗಲೇ ಗುಂಯ್‌ಗುಡುತ್ತಿತ್ತು. ಅಚ್ಚಿಗೆ ಕುಂಕುಮವಿಟ್ಟಿಲ್ಲವೆಂದು ನೆನಪಾಗಿ ಮೇಸ್ತ್ರಿ ಬಗ್ಗಿ ಕೈಚಾಚಿದರು. ಗಂಟೆಯ ಗದ್ದಲದಲ್ಲಿ ಯಾರೋ "ಒತ್ತಿ ಸಾಹುಕಾರ್ರೇ!" ಎಂದರು. ಅವರು ಒತ್ತಿದರು.

ಹೊರಗೆ ಕುಂಬಳಕಾಯಿ ಒಡೆದರೆಂದುಕೊಂಡೆ. ಅಚ್ಚಿನ ಮೇಲಿನ ಕೆಂಪು ಕುಂಕುಮದಂತೆ ನಿಲ್ಲದೆ ಹರಿಯತೊಡಗಿದಾಗ ನನ್ನ ಕೈಯಿಂದ ಪ್ರಸಾದದ ತಟ್ಟೆ ಬಿತ್ತು. ಮೇಸ್ತ್ರಿ ಸಾಹುಕಾರರ ಮುಖ ನೋಡಿ, "ಕೈಮುಗೀಲಿಲ್ವಲ್ಲ ಸ್ವಾಮಿ ನೀವು," ಎಂದಷ್ಟೇ ಹೇಳಿ ಕುಸಿದರು.

ಯುಗಾದಿ ಕಳೆದ ಮೇಲೆ ಮರಳಿ ಬಂದರು. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಪ್ರೆಸ್ಸಿನ ಮುಂದೆ ನಿಂತು ಎರಡೂ ಕೈ ಜೋಡಿಸಿದರು. ಎಡಗೈಯ ನಾಲ್ಕು ಬೆರಳಿಗೆ ಜೊತೆಯಿರಲಿಲ್ಲ. ನಮಗ್ಯಾರಿಗೂ ಕೈ ಮೇಲೇಳಲಿಲ್ಲ.

"ಏನ್ರೋ ನೋಡ್ತಾ ನಿಂತಿದೀರ? ಕೈಮುಗೀರಿ!"

ಬಾಗಿಲ ಬಳಿ ನಿಂತಿದ್ದ ಸಾಹುಕಾರರೇ ಮೊದಲು ಮುಗಿದರು.