ಮುಯ್ಯಿಯ ಅರ್ಧ ತಾಸು

ನನ್ನ ಓದು ೧೯೪೩ರಲ್ಲಿ, ಆರನೆಯ ಇಯತ್ತೆಯಲ್ಲಿ ನಿಂತಿತು. ಏಳನೆಯದರ ಮುಲ್ಕಿ ಪರೀಕ್ಷೆಗೆ ಇನ್ನೊಂದೇ ವರ್ಷ ಬಾಕಿ ಇತ್ತು, ಅಪ್ಪ ತೀರಿಕೊಂಡ. ಇನ್ನು ಈ ಜನ್ಮದಲ್ಲಿ ಯಾರೂ ನನ್ನ ಪರೀಕ್ಷೆ ಮಾಡುವುದಿಲ್ಲ ಎಂದುಕೊಂಡಿದ್ದೆ. ಹನ್ನೆರಡು ವರ್ಷದ ಮೇಲೆ ಮುಂಬಯಿ ಮಾಡಿತು. ಮುಲುಂಡದ ಗಾಜಿನ ಕಾರಖಾನೆಗೆ ಒಂದು ಬೆಳಿಗ್ಗೆ ಕನ್ನಡಕ ಹಾಕಿದ ಹೆಣ್ಣುಮಗಳೊಬ್ಬಳು ಬೋಗುಣಿಯ ತುಂಬ ಚೀಟಿ ಹಿಡಿದುಕೊಂಡು ಬಂದಳು. “ಒಂದೊಂದು ಎತ್ತರಿ” ಎಂದಳು. ನಮ್ಮ ಕಡೆ ಚೀಟಿ ಎತ್ತುವುದು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ. ಇಲ್ಲಿ ಏನು ಪಾಲಾಗುತ್ತಿದೆ ಎಂದು ಯಾರೂ ಹೇಳಲಿಲ್ಲ.

ಕಾರಖಾನೆಯಲ್ಲಿ ನಮ್ಮದು ಬಾಟಲಿ ನೋಡುವ ಕೆಲಸ. ಔಷಧದ ಬಾಟಲಿಗಳನ್ನು ಒಂದೊಂದಾಗಿ ದೀಪದ ಮುಂದೆ ತಿರುಗಿಸಿ, ಬಿರುಕು ಬಿಟ್ಟದ್ದನ್ನು ಪಕ್ಕಕ್ಕಿಡಬೇಕು. ಊರಲ್ಲಿ ಮುಗಿಲಂಚಿನ ಮಳೆ ನೋಡಿ ಪಳಗಿದ ಕಣ್ಣು ಇಲ್ಲಿ ಮೊಳದುದ್ದದ ಬೆಳಕಿನಲ್ಲಿ ದಿನವಿಡೀ ನಿಲ್ಲಬೇಕು. ಊಟವೂ ಹಾಗೆಯೇ. ಅಲ್ಲಿ ಬಡಿದ ಜೋಳದ ರೊಟ್ಟಿ. ಇಲ್ಲಿ ಪಾವ್, ಅಂದರೆ ಹುದುಗು ಹಿಟ್ಟಿನ ಉಬ್ಬಿದ ಬ್ರೆಡ್ಡು, ಕೈಗೆ ಹತ್ತಿಯಷ್ಟು ಹಗುರ, ಹೊಟ್ಟೆಗೂ ಅಷ್ಟೇ. ಇರುವುದು ಚಾಳಿನ ಒಂದು ಖೋಲಿ. ಖೋಲಿ ಎಂದರೆ ಕೋಣೆ. ಅಡುಗೆ, ಹಾಸಿಗೆ, ದೇವರು ಎಲ್ಲ ಅದರೊಳಗೇ.

ಆ ಖೋಲಿಯಲ್ಲಿ ನನ್ನ ಜೊತೆ ಇದ್ದವನು ಸೋದರಮಾವ ಶಿವಪ್ಪ. ನನ್ನನ್ನು ಕರೆತಂದವನೂ, ಆಳುಗಳ ಮೇಲ್ವಿಚಾರಕ ಮುಕಾದಮನ ಕಾಲು ಹಿಡಿದು ಕೆಲಸಕ್ಕೆ ಹಚ್ಚಿದವನೂ, ಲೋಕಲ್ ಗಾಡಿಗೆ ಹತ್ತುವುದನ್ನು ಕಲಿಸಿದವನೂ ಅವನೇ. “ಗಾಡಿ ನಿಂತಮ್ಯಾಲೆ ಹತ್ತತೀನಿ ಅಂದ್ರ ಮುದುಕ ಆಗತಿ ಅಳಿಯಾ, ನಿಲ್ಲೂದರಾಗ ನೂಕು!” ಎನ್ನುತ್ತಿದ್ದ. ಮೊದಲ ಸಲ ನಾನೊಬ್ಬನೇ ದಾದರಿಗೆ ಹೋಗಿ ಬಂದಾಗ ಚಾಳಿನವರಿಗೆಲ್ಲ ಹೇಳಿಕೊಂಡು ತಿರುಗಿದ.

ದೀಪದ ಮುಂದೆ ಬಾಟಲಿ ನೋಡಿ ನೋಡಿ ಅವನ ಕಣ್ಣು ಕೆಟ್ಟಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಸುರಿಯುತ್ತಿತ್ತು. “ಕಣ್ಣಾಗ ಖಾರ ಉಗ್ಗಿಧಂಗ ಆಗೇತಿ. ಹಿಂಗಾದ್ರ ಊರಿಗೆ ಹೋಗಾಂವ ನಾ” ಎನ್ನುವನು. ಮಧ್ಯಾಹ್ನ ಸ್ವಲ್ಪ ಬಿಡುವು ಸಿಕ್ಕರೆ ಉಳಿಯುತ್ತಾನೆ, ಇಲ್ಲವಾದರೆ ಇಲ್ಲ. ನನಗೆ ಇದ್ದುದು ಅದೊಂದೇ ಚಿಂತೆ.

ಚೀಟಿಯ ಹೆಣ್ಣುಮಗಳು ವಿಮಲಾಬಾಯಿ. ಧಾರವಾಡದ ಕಡೆಯವಳು, ವಡಾಲದಲ್ಲಿ ಮನೆ, ಕಾಲೇಜಿನಲ್ಲಿ ಮನಸ್ಸಿನ ಶಾಸ್ತ್ರ ಓದುತ್ತಿದ್ದಳು. ಮಾಲೀಕರು ಅವಳಿಗೆ ಒಪ್ಪಿಗೆ ಕೊಟ್ಟಿದ್ದರು. ಕಾರಖಾನೆಯಲ್ಲಿ ಓದಿದವರ ಬಾಯಿಂದ ಕನ್ನಡ ಕೇಳಿದ್ದು ಅದೇ ಮೊದಲು, ಎದೆ ಉಬ್ಬಿತು. ಕೆಂಪು ಚೀಟಿ ಎತ್ತಿದವರು ದಿನಾ ಮೂರಕ್ಕೆ ಎದ್ದು ಹೊರಗಿನ ಬಾದಾಮಿ ಮರದಡಿ ಅರ್ಧ ತಾಸು ಕೂತು ಬರಬೇಕು. ಬಿಳಿ ಚೀಟಿಯವರು ಎಂದಿನಂತೆ ದುಡಿಯಬೇಕು. “ಯಾಕ್ರೀ ಬಾಯಾರ?” ಎಂದು ಕೇಳಿದೆ.

“ಮುಗಿಯೋ ತನಕ ಕೇಳಬ್ಯಾಡ್ರಿ. ಹೇಳಿದ್ರ ಪ್ರಯೋಗ ಕೆಡ್ತದ” ಎಂದು ನಕ್ಕಳು.

ನನಗೆ ಕೆಂಪು ಬಂತು. ಶಿವಪ್ಪನಿಗೆ ಬಿಳಿ.

ಮೊದಲ ದಿನ ಮರದಡಿ ಕೂತೆ. ಕುಂಡಿಗೆ ಮುಳ್ಳು ಚುಚ್ಚಿದಂತಾಯಿತು. ಒಳಗೆ ಅವನು ಕಣ್ಣೊರೆಸಿಕೊಳ್ಳುತ್ತ ಬಾಟಲಿ ತಿರುಗಿಸುತ್ತಿದ್ದಾನೆ. ನಮ್ಮ ವಿಜಾಪುರದ ಇಂಡಿ ಕಡೆ ಮುಯ್ಯಿ ಎಂಬುದೊಂದಿದೆ: ಇವತ್ತು ನಾನು ನಿನ್ನ ಹೊಲದ ಕಳೆ ತೆಗೆದರೆ, ನಾಳೆ ನೀನು ನನ್ನ ಹೊಲಕ್ಕೆ. ಮಾರನೆಯ ದಿನದಿಂದ ನನ್ನ ಬಿಡುವಿನಲ್ಲಿ ಅರ್ಧ ನಾನು ಕೂತೆ, ಉಳಿದರ್ಧ ಅವನ ಮೇಜಿಗೆ ಹೋಗಿ ಅವನನ್ನು ಹೊರಗೆ ಕಳಿಸಿದೆ. ನನ್ನನ್ನು ನೋಡಿ ಉಳಿದವರೂ ಹಾಗೆಯೇ ಮಾಡಿದರು. ಸಾಲಿನಲ್ಲಿದ್ದವರೆಲ್ಲ ನಮ್ಮ ಕಡೆಯವರೇ. ಮುಕಾದಮ ಆ ಹೊತ್ತಿಗೆ ಚಹಾಕ್ಕೆ ಹೋಗಿರುತ್ತಿದ್ದ. ವಿಮಲಾಬಾಯಿ ಬರುತ್ತಿದ್ದುದು ಬೆಳಿಗ್ಗೆ ಮತ್ತು ಸಂಜೆ. ನಾವೇನೂ ಮುಚ್ಚಿಡಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೇ. ಶಿವಪ್ಪನ ಕಣ್ಣು ತಿಳಿಯಾಗುತ್ತ ಬಂತು.

ದಸರೆ ಕಳೆದ ಮೇಲೆ ವಿಮಲಾಬಾಯಿ ನಮ್ಮನ್ನೆಲ್ಲ ನಿಲ್ಲಿಸಿ, ಮಾಲೀಕರ ಎದುರಿಗೆ ವಿಷಯ ಬಿಡಿಸಿ ಹೇಳಿದಳು. ಚೀಟಿಗೂ ಒಂದು ವಾರ ಮೊದಲಿನಿಂದ, ನಮಗೆ ತಿಳಿಯದಂತೆ, ದಿನಾ ಪ್ರತಿಯೊಬ್ಬರ ಬುಟ್ಟಿಯಲ್ಲಿ ಅವಳೇ ಕೆಲವು ಬಿರುಕು ಬಾಟಲಿಗಳನ್ನು ಬೆರೆಸಿಡುತ್ತಿದ್ದಳಂತೆ. ಯಾವ ಮೇಜಿನವರು ಎಷ್ಟು ಹಿಡಿದರೆಂದು ಸಂಜೆ ನೋಡುತ್ತಿದ್ದಳಂತೆ. “ಮೊದಲಿಗಿಂತ ಎರಡೂ ಗುಂಪು ಸುಧಾರಿಸ್ಯಾವ. ಆದ್ರ ಕೆಂಪು, ಬಿಳಿ ನಡುವ ಫರಕಿಲ್ಲ. ಅಂದ್ರ ಸುಧಾರಣೆ ಬಿಡುವಿನಿಂದ ಆಗಿದ್ದಲ್ಲ. ನೋಡೋರು ಒಬ್ರು ಇದ್ದಾರಂತ ಎಲ್ಲಾರೂ ಹುರುಪಿಲೆ ಮಾಡ್ಯಾರ.”

ಅದನ್ನೇ ಮಾಲೀಕರಿಗೆ ಹಿಂದಿಯಲ್ಲಿ ಹೇಳಿದಳು. ಮಾಲೀಕರಿಗೆ ಒಂದೇ ಮಾತು ಹಿಡಿಸಿತು. ಬಿಡುವು ನಿಂತಿತು, ನಮ್ಮ ಬೆನ್ನ ಹಿಂದೆ ನಿಂತು ನೋಡಲು ಇನ್ನೊಬ್ಬ ಮುಕಾದಮ ಬಂದ!

ನಾನು ತಡೆಯಲಾರದೆ ಗೇಟಿನ ಬಳಿ ಅವಳನ್ನು ನಿಲ್ಲಿಸಿದೆ. “ಬಾಯಾರ, ಬಿಳಿ ಚೀಟಿಯವರೂ ಮರದಡಿ ಕೂತಾರ್ರೀ. ನಾವು ಮುಯ್ಯಿ ಮಾಡೀವಿ.”

ಅವಳ ಮುಖ ಬಿಳಿಚಿತು. “ಅಯ್ಯ ದೇವರ! ಎಲ್ಲಾರೂನೂ?”

“ಎಲ್ಲಾರೂ. ಒಬ್ಬಾಂವ ಉಣ್ಣಾಗ ಇನ್ನೊಬ್ಬಾಂವ ಬಾಯಿ ನೋಡ್ಕೋತ ಕೂಡೂದು ಯಾ ಊರ ಪದ್ಧತಿ?”

“ಒಂದು ಮಡಿಗೆ ಗೊಬ್ಬರ ಹಾಕಿ, ಒಂದಕ್ಕ ಹಾಕದ ಬಿಟ್ರ ಗೊಬ್ಬರದ ಗುಣ ಗೊತ್ತಾಗ್ತದಲ್ಲೇನು? ಚೀಟಿ ಎತ್ತಿಸಿದ್ದೂ ಅದಕ್ಕ. ಒಳ್ಳೆ ಕಣ್ಣಿನವರೆಲ್ಲಾ ಒಂದ ಕಡೆ ಸೇರಬಾರದು ಅಂತ.”

“ಗೊಬ್ಬರ ಹಾಕದ ಮಡಿ ಬಾಜೂ ಮಡೀಗೆ ಅಳಿಯಾ ಅನ್ನೂದಿಲ್ರೀ.”

ಅವಳಿಗೆ ನಗು ಬಂತು, ಬೆನ್ನಿಗೇ ಕಣ್ಣು ತುಂಬಿತು. ಒಳಗೆ ಹೋಗಿ ಮಾಲೀಕರನ್ನು ಕೇಳಿಕೊಂಡಳು, ಮತ್ತೊಮ್ಮೆ ಮಾಡುತ್ತೇನೆ, ಈ ಸಲ ಬೇರೆ ಬೇರೆ ಶೆಡ್ಡಿನಲ್ಲಿ ಎಂದು. “ಏಕ್ ಬಾರ್ ಹೋ ಗಯಾ, ಬಸ್”, ಒಮ್ಮೆ ಆಯಿತು, ಸಾಕು, ಎಂದರಂತೆ ಅವರು.

ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ತಡವರಿಸುತ್ತೇನೆ. ಅವಳ ಲೆಕ್ಕ ತಪ್ಪಲ್ಲ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೇ ತಿಳಿಯುವುದು, ಒಪ್ಪಿದೆ. ಉಳಿದದ್ದನ್ನು ಮುಚ್ಚಿಟ್ಟರೂ, ಒಬ್ಬರ ಜಾಗದಲ್ಲಿ ಒಬ್ಬರು ಕೂಡಬೇಡಿರಿ ಎಂಬ ಒಂದು ಮಾತು ಹೇಳಬಹುದಿತ್ತು. ನಾವು ಹೇಳಿದ್ದನ್ನು ಕೇಳದವರಲ್ಲ. ಆದರೆ ಹಾಗೆ ಹೇಳಿದ್ದರೂ, ನಾಲ್ಕು ಹೆಜ್ಜೆ ಆಚೆ ಶಿವಪ್ಪ ಕಣ್ಣೊರೆಸಿಕೊಳ್ಳುವಾಗ ನಾನು ಮರದಡಿ ಸುಮ್ಮನೆ ಕೂಡುತ್ತಿದ್ದೆನೇ? ಊರು ಕಲಿಸಿದ ಒಳ್ಳೆಯ ಗುಣವೇ ಇಲ್ಲಿ ನಮ್ಮ ಬಿಡುವನ್ನು ತಿಂದಿತು. ಇದನ್ನು ಯಾರ ಮುಂದೆ ಹೇಳಲಿ?

ದೀಪಾವಳಿಗೆ ಶಿವಪ್ಪ ಹೊರಟ. ದಾದರಿನಲ್ಲಿ ಸೊಲ್ಲಾಪುರದ ಗಾಡಿಯ ಕಿಟಕಿಯಿಂದ ನನ್ನ ಕೈ ಹಿಡಿದು, “ಇಲ್ಲಿ ಕಣ್ಣು ಕೊಟ್ಟು ಹೊಟ್ಟಿ ತುಂಬಿಸ್ಕೊಂಡೆ. ಅಲ್ಲಿ ಹೊಟ್ಟಿ ಕೊಟ್ಟು ಕಣ್ಣು ಉಳಿಸ್ಕೋತೀನಿ. ನೀ ಗಟ್ಟಿ ಇರು ಅಳಿಯಾ” ಎಂದ.

ಮರುವರ್ಷ ನಮ್ಮ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ನಾನು ಬಂದಾಗ ಊರಿಗೂ ಮುಂಬಯಿಗೂ ಒಂದೇ ಸರಕಾರ, ಕೂತಲ್ಲೇ ಪರರಾಜ್ಯದವನಾದೆ. ಆ ಸಲ ಯಾರೂ ನನ್ನಿಂದ ಚೀಟಿಯನ್ನೂ ಎತ್ತಿಸಲಿಲ್ಲ. ಕಾರಖಾನೆಯಲ್ಲಿ ನನ್ನನ್ನು ‘ಕಾನಡಿ’ ಎಂದು ಕರೆಯುತ್ತಾರೆ. ಊರಿಗೆ ಹೋದರೆ, ಚಹಾದ ಗ್ಲಾಸನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವ ನನ್ನ ಚಟ ನೋಡಿ, “ಬಂದ ನೋಡ್ರಿ ಮುಂಬೈ ಸಾಹೇಬ” ಎಂದು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವನು ಶಿವಪ್ಪ.

ಈಗ ನನ್ನ ಬಳಿ ಇರುವುದು: ಒಂದು ಖೋಲಿ, ಒಂದು ಸ್ಟೋವು, ಎರಡು ಹಾಸಿಗೆ, ಎರಡು ಊಟದ ಡಬ್ಬಿ, ಇನ್ನೂ ಸರಿಯಾಗಿರುವ ಎರಡು ಕಣ್ಣು. ಮುಯ್ಯಿಗೆ ಬರುವವರು, ಯಾರೂ ಇಲ್ಲ.